ದತ್ತು ಪಡೆದ ಮಗಳ ದಾಖಲೆಗಳಲ್ಲಿ ಇಬ್ಬರು ತಂದೆಯರ ಹೆಸರು

ಪ್ರಶ್ನೆ (ಜಮಖಂಡಿ): ನಮ್ಮ ಅತ್ತೆಯವರು ತಮ್ಮನ ಮಗಳನ್ನು ನೋಂದಾಯಿತ ಪತ್ರದ ಮೂಲಕ ದತ್ತು ಪಡೆದಿದ್ದು, ಆಕೆಯ ಅಂಕಪಟ್ಟಿಯಲ್ಲಿ ದತ್ತು ತಂದೆಯ ಹೆಸರೂ ಜನನ ಪ್ರಮಾಣಪತ್ರದಲ್ಲಿ ಹೆತ್ತ ತಂದೆಯ ಹೆಸರೂ ಇರುವುದರಿಂದ ಪಾಸ್‌ಪೋರ್ಟ್ ಅರ್ಜಿ ನಿಂತಿದೆ. ಮೊದಲು ಯಾವುದನ್ನು ಸರಿಪಡಿಸಬೇಕು?

ಉತ್ತರ (ಬಾಗಲಕೋಟೆ): ದತ್ತುಪತ್ರದ ದೃಢೀಕೃತ ಪ್ರತಿಯನ್ನು ಉಪನೋಂದಣಿ ಕಚೇರಿಯಿಂದ ಪಡೆಯಿರಿ. ಎರಡೂ ಕಡೆಯವರ ಸಹಿಯಿರುವ ನೋಂದಾಯಿತ ಪತ್ರವಿದ್ದರೆ, ಬೇರೆ ಸಾಕ್ಷ್ಯದಿಂದ ಸುಳ್ಳೆಂದು ಸಾಬೀತಾಗುವವರೆಗೆ, ದತ್ತು ಕಾನೂನುಬದ್ಧವಾಗಿಯೇ ನಡೆದಿದೆಯೆಂದು ನ್ಯಾಯಾಲಯ ಭಾವಿಸಬೇಕೆಂದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 16ನೇ ಕಲಂ ಹೇಳುತ್ತದೆ. ಆ ಪ್ರತಿಯೊಡನೆ, ಜನನ ನೋಂದಣಿಯಾದ ಊರಿನ ನೋಂದಣಾಧಿಕಾರಿಗೇ ಅರ್ಜಿ ಕೊಡಿ.

ಉತ್ತರ (ವಿಜಯಪುರ): ಆಧಾರ್‌ ಬದಲಿಸುವ ಅವಸರ ಬೇಡ, ಜನರು ಎಡವುವುದು ಅಲ್ಲಿಯೇ. ಅದು ಜನ್ಮದಿನಾಂಕಕ್ಕೆ ಪುರಾವೆಯಲ್ಲ. ಸಂಸ್ಥೆಯಿಂದ ದತ್ತು ಪಡೆದವರ ದಾರಿ ಬೇರೆ: 2022ರ ಸೆಪ್ಟೆಂಬರ್‌ನಿಂದ ಆದೇಶ ನೀಡುವವರು ಜಿಲ್ಲಾಧಿಕಾರಿ.