ಕರಿನೀರಿಗೆ ಹೋದ ಹಿರಿಯರ ಕಾಗದ ಎಲ್ಲಿ ಸಿಗ್ತಾವ್ರಿ?

ರೋಣದಾಂವ:
ಮುತ್ತಜ್ಜನ ಕಾಕಾಗ ದನಾ ಕದ್ದದ್ದಕ್ಕ ಕರಿನೀರಿನ ಶಿಕ್ಷಾ ಆಗಿತ್ತಂತ. ಹೆಸರು ನಿಂಗಪ್ಪ, ಇಸವಿ ಗೊತ್ತಿಲ್ಲ. ಸೆಲ್ಯುಲರ್ ಜೈಲಿನ ಫಲಕದಾಗ ಹೆಸರಿಲ್ಲ. ಎಲ್ಲಿಂದ ಸುರು ಮಾಡ್ಲಿ?

ಹಳೇ ದಫ್ತರ:
ಆ ಫಲಕ ಬಿಡ್ರಿ, ಅದು ರಾಜಕೀಯ ಕೈದಿಗಳದು. ಆ ಜೈಲು ಕಟ್ಟಿ ಮುಗದದ್ದ 1906ಕ್ಕ. ಮೊದಲ ಇಸವಿ ಹಿಡೀರಿ, ಇಸವಿ ಸಿಕ್ರ ನಡುಗಡ್ಡಿ ತಾನಾಗೇ ಸಿಗ್ತದ. ಅಂಡಮಾನಿನ ಕೈದಿ ವಸಾಹತು ಸುರುವಾದದ್ದು 1858ರ ಮಾರ್ಚ್‌ದಾಗ. ಅದಕ್ಕೂ ಹಿಂದ ಮುಂಬಯಿ ಪ್ರಾಂತದವರನ್ನ ಸಿಂಗಾಪುರ, ಪಿನಾಂಗ್ ಕಡೆ ಕಳಸ್ತಿದ್ರು. 1815ರಿಂದ 1837ರ ತನಕ ಮಾರಿಷಸ್‌ಗೂ.

1862ಕ್ಕ ದಂಡ ಸಂಹಿತೆ ಬಂದ ಮ್ಯಾಲೆ ಬರೇ ಕಳವಿಗೆ, ಅಂದ್ರ ಕಲಂ 379ಕ್ಕ, ಹೆಚ್ಚಂದ್ರ ಮೂರು ವರ್ಷ ಜೈಲು. ಒಂದು ಎತ್ತಿನ ಸಲುವಾಗಿ ಸಮುದ್ರ ದಾಟಿಸಂಗಿಲ್ಲ. ಐದು ಮಂದಿ ಕೂಡಿ ಜಬರದಸ್ತಿಲೆ ಹೊಡಕೊಂಡು ಹೋಗಿದ್ರ ಅದು ದರೋಡೆ, ಕಲಂ 395. ಇಲ್ಲಾ ಮೊದಲೂ ಒಮ್ಮೆ ಶಿಕ್ಷಾ ಆಗಿರಬೇಕು, ಕಲಂ 75. ಈ ಎರಡಕ್ಕೂ ಕರಿನೀರು ಆಗಬಹುದಿತ್ತು. ಬರೇ ಕಳವು ಅನ್ನೂದು ಖರೇ ಇದ್ರ 1862ರ ಹಿಂದಿನ ಕಡತ ಮೊದಲ ನೋಡ್ರಿ.

ನಿಮ್ಮ ರೋಣ ಆಗ ಇದ್ದ ಧಾರವಾಡ ಜಿಲ್ಲಾ 1956ರ ತನಕ ಮುಂಬಯಿಗೆ ಸೇರಿತ್ತು, ಹಿಂಗಾಗಿ ಕಾಗದ ಬೆಂಗಳೂರಾಗ ಹುಡುಕಿ ಉಪಯೋಗಿಲ್ಲ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜ್ ಕಟ್ಟಡದಾಗ ಮಹಾರಾಷ್ಟ್ರ ರಾಜ್ಯ ಪತ್ರಾಗಾರ ಐತಿ. ಅಲ್ಲಿ ಜುಡಿಶಿಯಲ್ ಡಿಪಾರ್ಟ್‌ಮೆಂಟಿನ ಸಂಪುಟ ಕೇಳ್ರಿ. ಸೂಚಿಯೊಳಗ ಮನಶ್ಯಾನ ಹೆಸರು ಹುಡುಕಬ್ಯಾಡ್ರಿ, 'ಕನ್ವಿಕ್ಟ್ಸ್', 'ಟ್ರಾನ್ಸ್‌ಪೋರ್ಟೇಶನ್' ಅನ್ನೂ ತಲೆಬರಹ ಹಿಡೀರಿ. ಅಂಡಮಾನಿನ ಕಾಲದ್ದಾದ್ರ ದಿಲ್ಲಿಯ ರಾಷ್ಟ್ರೀಯ ಅಭಿಲೇಖಾಗಾರದ ಹೋಮ್ ಡಿಪಾರ್ಟ್‌ಮೆಂಟ್, ಪೋರ್ಟ್ ಬ್ಲೇರ್ ಶಾಖೆ. ಅಭಿಲೇಖ ಪಟಲ್ ಜಾಲತಾಣದಾಗ ಮನ್ಯಾಗ ಕುಂತೇ ಹುಡುಕಬಹುದು.

ಮೋಡಿ ಓದುಗ:
ಹೆಸರಿನಾಗ ಎಡವ್ತೀರಿ, ಹುಷಾರ್. ಕೈದಿ ಹೆಸರಿಗೆ 'ಅಪ್ಪ' ಹಚ್ಚೂ ಕಾರಕೂನ ಅಪರೂಪ. ನಿಂಗಪ್ಪ ಅಲ್ಲಿ 'ನಿಂಗ್ಯಾ', ಅದೂ ಇಂಗ್ಲಿಷ್‌ದಾಗ ಕಿವಿಗೆ ಬಿದ್ದಂಗ ಬರದದ್ದು. ಹುಬ್ಬಳ್ಳಿನೂ 'ಹೂಬ್ಲಿ' ಆಗೇತಿ. ಅಡ್ಡಹೆಸರಿನ ಬದಲಿ 'ನಿಂಗ್ಯಾ ಬಿನ್ ಬಸ್ಯಾ' ಅಂತ ತಂದಿ ಹೆಸರು ಇರ್ತದ. ಅಂಥ ನಿಂಗ್ಯಾಗೋಳು ಪುಟಕ್ಕೊಬ್ಬ ಸಿಗ್ತಾರ! ತಂದಿ ಹೆಸರು, ಜಾತಿ, ವಯಸ್ಸು ಮೂರೂ ತಾಳೆ ಆಗೂ ತನಕ ನಮ್ಮಾಂವ ಅನ್ನಬ್ಯಾಡ್ರಿ.

ರೋಣದಾಂವ:
ತಂದಿ ಹೆಸರೇ ಗೊತ್ತಿಲ್ಲಲ್ರಿ.

ಮೋಡಿ ಓದುಗ:
ಹೆಳವರನ್ನ ಕೇಳ್ರಿ. ನಿಮ್ಮ ಮನೆತನದ ವಂಶಾವಳಿ ಹೇಳೂ ಹೆಳವರು ಯಾರು ಅಂತ ಊರಾಗಿನ ಹಿರ್ಯಾರಿಗೆ ಗೊತ್ತಿರ್ತದ. ನಿಂಗಪ್ಪನ್ನಷ್ಟ ಕೇಳಬ್ಯಾಡ್ರಿ, ಅವನ ತಂದಿ, ಅಣ್ತಮ್ಮರ ಹೆಸರು ಎಲ್ಲಾ ಬರಕೊಳ್ರಿ.

ಬೆಟಗೇರಿ:
ಇನ್ನೊಂದು. ಕೆಲವು ಮನೆತನದಾಗ 'ಬ್ರಿಟಿಷರು ಒಯ್ದು ಇಟ್ಟಿದ್ರು' ಅಂದ್ರ ಅದು ಕರಿನೀರಲ್ಲ, ಹುಬ್ಬಳ್ಳಿ ಇಲ್ಲಾ ಗದಗಿನ ಸೆಟ್ಲಮೆಂಟ್. ಅಲ್ಲಿ ತಂತಿ ಬೇಲಿಯೊಳಗ ಇಟ್ಟದ್ದು ಇಡೀ ಕುಲಕ್ಕೇ ಅಪರಾಧಿ ಅಂತ ಹಣೆಪಟ್ಟಿ ಹಚ್ಚಿದ ಅಪರಾಧಿ ಬುಡಕಟ್ಟು ಕಾಯ್ದೆ ಪ್ರಕಾರ, ಕೋರ್ಟಿನ ಶಿಕ್ಷಾ ಇಲ್ಲದ, ಹೆಂಡ್ರು ಮಕ್ಕಳ ಸಮೇತ. ಮನ್ಯಾಗ ಒಬ್ಬನ್ನಷ್ಟ ಒಯ್ದಿದ್ರೋ, ಎಲ್ಲಾರನ್ನೂ ಒಯ್ದಿದ್ರೋ ಕೇಳ್ರಿ, ಅಲ್ಲೇ ಗೊತ್ತಾಗ್ತದ.