ರೊಟ್ಟಿ ಕೇಂದ್ರಕ್ಕೆ ಲೋಗೋ ಅಂತ ಎಂಟು ಸಾವಿರ ಕೊಡೋದಾ?

ಬೆಟಗೇರಿ ಹುಡುಗ:
ಎಲ್ಲರಿಗೂ ನಮಸ್ಕಾರ. ಅವ್ವ, ಚಿಕ್ಕಮ್ಮ ಸೇರಿ ಗದಗದ ಬೆಟಗೇರಿಯಲ್ಲಿ ಆರು ವರ್ಷದಿಂದ ರೊಟ್ಟಿ ಕೇಂದ್ರ ನಡೆಸುತ್ತಿದ್ದಾರೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಮೊದಲು ಓಣಿಯವರಿಗೆ ಮತ್ತು ಮದುವೆ ಆರ್ಡರಿಗೆ ಮಾತ್ರ ಮಾಡುತ್ತಿದ್ದರು. ಈಗ ಹುಬ್ಬಳ್ಳಿಯಲ್ಲಿ ಮೂರು ಅಂಗಡಿಗೆ ಹಾಕುತ್ತೇವೆ, ಬೆಂಗಳೂರಿನವರು ವಾಟ್ಸಾಪಿನಲ್ಲಿ ಹೇಳಿದರೆ ಬಸ್ಸಿಗೆ ಹಾಕಿ ಕಳಿಸುತ್ತೇವೆ.

ಮೊನ್ನೆ ಕೇಶ್ವಾಪುರದ ಅಂಗಡಿಯಲ್ಲಿ ನಿಂತಿದ್ದೆ. ಒಬ್ಬರು ಬಂದು "ಹ್ವಾದ ವಾರ ಒಯ್ದಿದ್ವೆಲ್ಲಾ, ಆ ರೊಟ್ಟಿ ಕೊಡ್ರಿ" ಅಂದರು. ಅಂಗಡಿಯವರು ನಾಲ್ಕು ಪ್ಯಾಕೆಟ್ ಮುಂದಿಟ್ಟರು. ನಾಲ್ಕೂ ಒಂದೇ ಥರ, ಬರೀ ಪ್ಲಾಸ್ಟಿಕ್ ಕವರು, ಒಳಗೊಂದು ಬಿಳಿ ಚೀಟಿ. ಅವರು ನಮ್ಮದನ್ನು ಕೈಯಲ್ಲಿ ಹಿಡಿದು, ಮತ್ತೆ ಇಟ್ಟು, ಪಕ್ಕದ್ದು ಒಯ್ದರು. ಹೋದ ವಾರ ಒಯ್ದದ್ದು ನಮ್ಮದೋ ಅಲ್ಲವೋ ದೇವರಿಗೇ ಗೊತ್ತು, ನನಗೆ ಮಾತ್ರ ಹೊಟ್ಟೆ ಉರಿಯಿತು.

ಅದಕ್ಕೇ ಲೋಗೋ ಮಾಡಿಸೋಣ ಅಂತ ಹೊರಟೆ. ಡಿಸೈನರ್ ₹8,000 ಹೇಳಿದ್ದಾರೆ. ಇಳಕಲ್ ಸೀರೆ ಉಟ್ಟ ಅಜ್ಜಿ, ಒಲೆ, ಹಂಚು, ಜೋಳದ ತೆನೆ, ಹಿಂದೆ ತ್ರಿಕೂಟೇಶ್ವರ ಗುಡಿಯ ಕಂಬ, ಕೆಳಗೆ ಬಂಗಾರದ ಬಣ್ಣದಲ್ಲಿ "ಗದಗ ಖಡಕ್ ರೊಟ್ಟಿ". ಚಂದ ಇದೆ, ಸುಳ್ಳು ಹೇಳಲ್ಲ. ನನ್ನ ತಮ್ಮ ಕ್ಯಾನ್ವಾ ಅನ್ನೋ ಡಿಸೈನ್ ಆ್ಯಪಿನಲ್ಲಿ ಪುಕ್ಕಟೆ ಇನ್ನೊಂದು ಮಾಡಿದ್ದಾನೆ, ದೇಸಿ ಅನ್ನಿಸಲಿ ಅಂತ ಮೂಲೆಯಲ್ಲಿ ರಾಷ್ಟ್ರಧ್ವಜ ಇಟ್ಟಿದ್ದಾನೆ. ಅವ್ವನ ಮಾತು ಒಂದೇ: "ರೊಟ್ಟಿ ಮುರದು ನೋಡ್ತಾರ, ಚಿತ್ರಾ ತಿಂತಾರೇನು?" ಯಾವುದು ಮಾಡಲಿ? ಮಾಡಿಸಿದರೆ ವ್ಯಾಪಾರ ಜಾಸ್ತಿ ಆಗುತ್ತಾ?

ಸ್ಕ್ರೀನ್ ಕಾಕಾ, ಹುಬ್ಬಳ್ಳಿ:
ತಮ್ಮಾ, ಇಪ್ಪತ್ತು ವರ್ಷದಿಂದ ಕವರು, ಕ್ಯಾರಿಬ್ಯಾಗ್ ಪ್ರಿಂಟ್ ಮಾಡುತ್ತಿದ್ದೇನೆ, ಹಾಗಾಗಿ ನೇರ ಹೇಳುತ್ತೇನೆ. ಆ ಅಜ್ಜಿಯ ಚಿತ್ರವನ್ನು ಹೆಬ್ಬೆರಳಿನ ಉಗುರಿನಷ್ಟು ಸಣ್ಣದು ಮಾಡಿ ನೋಡು. ಅಜ್ಜಿ ಯಾವುದು, ಒಲೆ ಯಾವುದು ಗೊತ್ತಾಗಲ್ಲ. ವಾಟ್ಸಾಪ್ ಡಿಪಿ ದುಂಡಗೆ ಕತ್ತರಿಸುತ್ತದೆ, ಕಂಬ ಅರ್ಧ ಹೋಗುತ್ತದೆ. ಇನ್ನು ಪ್ರಿಂಟಿಗೆ ಬಂದರೆ, ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನು (ಇಂಕು ಹಾಯಿಸುವ ಜಾಲರಿ), ಬೇರೆ ಕೂಲಿ. ಕಂಪ್ಯೂಟರಿನಲ್ಲಿ ಹೊಳೆಯುವ ಬಂಗಾರ ಪ್ಲಾಸ್ಟಿಕ್ ಕವರಿನ ಮೇಲೆ ಸಾಸಿವೆ ಬಣ್ಣಕ್ಕೆ ಬರುತ್ತದೆ. ಒಂದೇ ಬಣ್ಣದಲ್ಲಿ ನಿಲ್ಲುವಂಥದ್ದು ಮಾಡಿಸು.

ಅಕ್ಷರದ ವಿಷಯ ಯಾರೂ ಯೋಚನೆ ಮಾಡಲ್ಲ. "ರೊಟ್ಟಿ" ಅಂತ ತೆಳ್ಳಗೆ, ಸಣ್ಣದಾಗಿ ಬರೆದರೆ ಒತ್ತಕ್ಷರದಲ್ಲಿ ಇಂಕು ತುಂಬಿ ಕರೇ ಚುಕ್ಕೆ ಆಗುತ್ತದೆ. ಅಕ್ಷರ ದಪ್ಪ ಇರಲಿ, ನಡುವೆ ಉಸಿರಾಡಲು ಜಾಗ ಇರಲಿ. ಡಿಸೈನರ್ ಹತ್ತಿರ ಕೋರಲ್ ಫೈಲ್ ಅಥವಾ ವೆಕ್ಟರ್ ಪಿಡಿಎಫ್ ಕೇಳಿ ಇಸಕೋ, ಎಷ್ಟು ದೊಡ್ಡದು ಮಾಡಿದರೂ ಅದು ಒಡೆಯಲ್ಲ. ಅಕ್ಷರ ಎಲ್ಲ ಕರ್ವ್ಸ್, ಅಂದರೆ ಚಿತ್ರದ ಗೆರೆ, ಮಾಡಿಸಿರಬೇಕು. ಇಲ್ಲದಿದ್ದರೆ ನಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲ್ಲ, ನುಡಿ ತಂತ್ರಾಂಶದಲ್ಲಿ ಬರೆದದ್ದು ಕಸ ಆಗಿ ಕಾಣುತ್ತದೆ. ವಾಟ್ಸಾಪಿನಲ್ಲಿ ಬಂದ ಜೆಪೆಗ್ ಹಿಡಿದು "ಬೋರ್ಡ್ ಮಾಡ್ರಿ ಕಾಕಾ" ಅಂತ ಬರುವವರೇ ಜಾಸ್ತಿ. ದೊಡ್ಡದು ಮಾಡಿದರೆ ಅಂಚೆಲ್ಲ ಒಡೆಯುತ್ತದೆ, ಆಮೇಲೆ ಬೈಗುಳ ನನಗೆ.

ಪೇಡೆಪ್ರಿಯ, ಧಾರವಾಡ:
ಅವ್ವನ ಮಾತೇ ಸರಿ ಬಿಡ್ರಿ. ಲೈನ್ ಬಜಾರಿನಲ್ಲಿ ಪೇಡೆಗೆ ಸಾಲು ಹಚ್ಚುವವರು ಲೋಗೋ ನೋಡಿ ನಿಲ್ಲುತ್ತಾರಾ? ಎಂಟು ಸಾವಿರಕ್ಕೆ ಎಷ್ಟು ಜೋಳ ಬರುತ್ತದೆ ಲೆಕ್ಕ ಹಾಕಿ. ಸುಮ್ನೆ ಖರ್ಚು.

ಮೆಣಸಿನಕಾಯಿ ಅಕ್ಕ, ಹಾವೇರಿ:
ಪೇಡೆಪ್ರಿಯ ಅವರೇ, ನೀವು ಧಾರವಾಡದಲ್ಲೇ ಇದ್ದೀರಿ, ನಿಮಗೆ ಅಂಗಡಿ ಗೊತ್ತು, ದಾರಿ ಗೊತ್ತು. ಪುಣೆಯಲ್ಲಿ ಯಾರೋ ತಂದುಕೊಟ್ಟ ಪೇಡೆ ತಿಂದವನಿಗೆ ಡಬ್ಬಿ ಬಿಟ್ಟರೆ ಇನ್ನೇನು ಗುರುತು? ಹೊಸಬರನ್ನು ಕರೆತರುವ ಶಕ್ತಿ ಲೋಗೋಗೆ ಇಲ್ಲ ಅನ್ನುವುದು ನಿಜ. ಆದರೆ ಒಮ್ಮೆ ತಿಂದವರು ಮತ್ತೆ ಹುಡುಕಿಕೊಂಡು ಬರಬೇಕಲ್ವಾ? ಕೇಶ್ವಾಪುರದಲ್ಲಿ ತಪ್ಪಿದ್ದು ಅದೇ.

ನಾನು ಬ್ಯಾಡಗಿ ಖಾರದ ಪುಡಿ ಮಾರುತ್ತೇನೆ. ಎರಡು ವರ್ಷದಲ್ಲಿ ಮೂರು ಸಲ ಲೋಗೋ ಬದಲಾಯಿಸಿದೆ, ಪ್ರತಿ ಸಲವೂ ಯಾರೋ ಒಬ್ಬರು "ಇನ್ನೂ ಚಂದ ಮಾಡಬಹುದು" ಅಂದಿದ್ದಕ್ಕೆ. ಮೂರನೆಯದು ಬಂದಾಗ ಹಳೇ ಗಿರಾಕಿಗಳು ಫೋನ್ ಮಾಡಿ "ಅಕ್ಕಾ, ಅಂಗಡಿ ಬ್ಯಾರೇದವ್ರಿಗೆ ಕೊಟ್ರೇನು?" ಅಂತ ಕೇಳಿದರು. ಪುಡಿ ಅದೇ, ಬಣ್ಣ ಅದೇ, ಆದರೂ ಒಬ್ಬರು ಖಾರ ಕಡಿಮೆ ಆಗಿದೆ ಅಂದರು! ಆಮೇಲೆ ಮೂರನೆಯದನ್ನೇ ಹಿಡಿದುಕೊಂಡು ಕೂತೆ. ಪ್ಯಾಕೆಟ್, ಬಿಲ್ ಬುಕ್, ಸ್ಕೂಟಿಯ ಡಿಕ್ಕಿ, ಕ್ಯೂಆರ್ ಕೋಡಿನ ಸ್ಟ್ಯಾಂಡು, ಎಲ್ಲ ಕಡೆ ಅದೇ ಕೆಂಪು, ಅದೇ ಚಿತ್ರ. ವರ್ಷ ಕಳೆದ ಮೇಲೆ ಮಕ್ಕಳು ಹೆಸರು ಓದದೇ ಚಿತ್ರ ನೋಡಿ ತರುವಂತಾಯಿತು.

ನಿನಗೆ ಒಂದು ಪ್ರಶ್ನೆ ತಮ್ಮಾ. "ಗದಗ ಖಡಕ್ ರೊಟ್ಟಿ" ಅಂತ ಬೋರ್ಡು ಹಾಕುವವರು ಎಷ್ಟು ಜನ ಇಲ್ಲ! ನಿಮ್ಮ ಓಣಿಯವರು ನಿಮ್ಮ ರೊಟ್ಟಿಗೆ ಏನಂತಾರೆ?

ಬೆಟಗೇರಿ ಹುಡುಗ:
ಅಕ್ಕಾ, ಮನೆ ಮುಂದೆ ದೊಡ್ಡ ಬೇವಿನ ಗಿಡ ಇದೆ, ಅದಕ್ಕೆ "ಬೇವಿನಗಿಡದ ರೊಟ್ಟಿ" ಅಂತಾರೆ. ಆದರೆ ಅದನ್ನು ಬ್ರ್ಯಾಂಡ್ ಮಾಡೋದಾ? ಹಳ್ಳಿ ಥರ ಇದೆ ಅಂತ ಡಿಸೈನರಿಗೆ ಹೇಳಲೇ ಇಲ್ಲ.

ಪೇಡೆಪ್ರಿಯ, ಧಾರವಾಡ:
ಬೇವು ಅಂದರೆ ರೊಟ್ಟಿ ಕಹಿ ಅಂದ್ಕೋತಾರೆ ನೋಡಿ 😄

ಮೆಣಸಿನಕಾಯಿ ಅಕ್ಕ, ಹಾವೇರಿ:
ಅಂದುಕೊಳ್ಳಲಿ, ಮರೆಯಲ್ಲ ಅಲ್ವಾ? ಜನರೇ ಇಟ್ಟ ಹೆಸರು ಇರುವಾಗ ಎಂಟು ಸಾವಿರ ಕೊಟ್ಟು ಇನ್ನೊಂದು ಯಾಕೆ ಹುಡುಕಬೇಕು?

ಲೆಕ್ಕದ ಪುಸ್ತಕ, ಹುಬ್ಬಳ್ಳಿ:
ಅಕ್ಕ ಹೇಳಿದ್ದು ಕಾನೂನಿನ ಲೆಕ್ಕದಲ್ಲೂ ಸರಿ. ಊರಿನ ಹೆಸರು, ಪದಾರ್ಥದ ಹೆಸರು ಇಷ್ಟೇ ಇಟ್ಟರೆ ಟ್ರೇಡ್‌ಮಾರ್ಕ್ (ಹೆಸರಿನ ಮೇಲೆ ನಿಮ್ಮೊಬ್ಬರದೇ ಹಕ್ಕು) ಸಿಗುವುದು ಕಷ್ಟ, ಯಾಕೆಂದರೆ ಗದಗದಲ್ಲಿ ರೊಟ್ಟಿ ಮಾಡುವ ಎಲ್ಲರಿಗೂ ಆ ಮಾತು ಬೇಕು. ಬೇವಿನಗಿಡಕ್ಕೂ ರೊಟ್ಟಿಗೂ ಸಂಬಂಧ ಇಲ್ಲ, ಅದೇ ಅದರ ಬಲ. ಮೊದಲು ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ ಅಂಥದ್ದೇ ಹೆಸರು ಇದೆಯಾ ಹುಡುಕಿ, ಅದಕ್ಕೆ ದುಡ್ಡಿಲ್ಲ. ರೊಟ್ಟಿ, ಚಟ್ನಿ ಎರಡೂ ಟ್ರೇಡ್‌ಮಾರ್ಕಿನ ಸರಕುಗಳ ಪಟ್ಟಿಯಲ್ಲಿ 30ನೇ ವರ್ಗಕ್ಕೆ ಬರುತ್ತವೆ. ಆನ್‌ಲೈನ್ ಅರ್ಜಿಗೆ ಒಬ್ಬ ವ್ಯಕ್ತಿಗೆ ಅಥವಾ ಸರ್ಕಾರದ ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮಕ್ಕೆ ವರ್ಗವೊಂದಕ್ಕೆ ₹4,500, ಉಳಿದವರಿಗೆ ₹9,000. ಸಿಕ್ಕರೆ 10 ವರ್ಷ, ಆಮೇಲೆ ನವೀಕರಣ. ನೋಂದಣಿ ಆಗುವ ತನಕ ಟಿಎಂ (ಟ್ರೇಡ್‌ಮಾರ್ಕ್) ಅಂತ ಹಾಕಿಕೊಳ್ಳಬಹುದು. ದುಂಡು ಒಳಗೆ ಆರ್ ಇರುವ ಗುರುತು ಮಾತ್ರ ಬೇಡ, ನೋಂದಣಿ ಆಗದೇ ಹಾಕಿದರೆ ಅಪರಾಧ.

ತಮ್ಮನ ಡಿಸೈನಿನಿಂದ ಆ ಧ್ವಜ ತೆಗೆಸಿ. ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯುವ 1950ರ ಕಾಯ್ದೆ ಇದೆ, ರಾಷ್ಟ್ರಧ್ವಜವನ್ನು ವ್ಯಾಪಾರದ ಗುರುತಾಗಿ ಬಳಸುವಂತಿಲ್ಲ. ಧ್ವಜ ತಯಾರಾಗುವ ಹುಬ್ಬಳ್ಳಿಯ ಬೆಂಗೇರಿ ಇಲ್ಲೇ ಪಕ್ಕದಲ್ಲಿದೆ, ನಮಗಾದರೂ ಗೊತ್ತಿರಬೇಕು. ಕ್ಯಾನ್ವಾದ ಸಿದ್ಧ ಚಿತ್ರಗಳನ್ನು ಬೇರೆಯವರೂ ಬಳಸಬಹುದು, ಅದು ನಿಮ್ಮದೇ ಅಂತ ಹಟ ಹಿಡಿಯಲು ಬರಲ್ಲ. ಡಿಸೈನರಿಗೆ ದುಡ್ಡು ಕೊಡುವಾಗ "ಹಕ್ಕು ಪೂರಾ ನಿಮಗೆ ಬಿಟ್ಟುಕೊಟ್ಟಿದ್ದೇನೆ" ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ, ಬಾಯಿಮಾತು ಸಾಲದು.

ಇನ್ನೊಂದು, ಬೇವಿನೆಲೆ ಅಂತ ದುಂಡಗೆ ಹಸಿರು ಚಿತ್ರ ಬಂದರೆ ಸಸ್ಯಾಹಾರದ ಗುರುತಿನಿಂದ ದೂರ ಇಡಿ. ಚೌಕದೊಳಗಿನ ಆ ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು, ತಾರೀಖು, ತೂಕ, ಇವಕ್ಕೆ ಜಾಗ ಬಿಟ್ಟು ಆಮೇಲೆ ಲೋಗೋ ಕೂರಿಸಿ.

ಸ್ಕ್ರೀನ್ ಕಾಕಾ, ಹುಬ್ಬಳ್ಳಿ:
ಹೆಸರು ದೊಡ್ಡದಾಗಿ ಬರೆಸಿದರೂ ಸಾಕು, ಚಿತ್ರ ಇರಲೇಬೇಕು ಅಂತ ಇಲ್ಲ. 1976ರಲ್ಲಿ ನಿಮ್ಮ ಗದಗದಲ್ಲೇ ಒಂದು ಲಾರಿಯಿಂದ ಶುರುವಾದ ಸಾರಿಗೆ ಕಂಪನಿ ವಿಆರ್‌ಎಲ್ ನೋಡು, ಮೂರು ಅಕ್ಷರ. ಹೈವೇಯಲ್ಲಿ ಎದುರು ಬರುವ ಲಾರಿಯೇ ಅವರ ಬೋರ್ಡು.

ಬೆಟಗೇರಿ ಹುಡುಗ:
ಡಿಸೈನರ್ ಹತ್ತಿರ ಮಾತಾಡಿದೆ. ಅಜ್ಜಿ, ಗುಡಿ, ಒಲೆ ಎಲ್ಲ ಹೋಯಿತು. ದುಂಡು ರೊಟ್ಟಿ, ಅಂಚಿನಲ್ಲಿ ಒಂದು ಬೇವಿನೆಲೆ, ಕೆಳಗೆ ದಪ್ಪ ಅಕ್ಷರದಲ್ಲಿ "ಬೇವಿನಗಿಡ". ಒಂದೇ ಬಣ್ಣ, ಹಸಿರಲ್ಲ, ಕಂದು. ಕೆಲಸ ಕಡಿಮೆ ಆಯಿತು ಅಂತ ₹5,000ಕ್ಕೆ ಒಪ್ಪಿದ್ದಾರೆ, ಹಕ್ಕು ಬರೆದುಕೊಡುತ್ತಾರಂತೆ. ಕಹಿ ಅನ್ನೋ ಮಾತನ್ನು ಅವ್ವನಿಗೆ ಹೇಳಿದೆ. "ಯುಗಾದಿಗೆ ತಿನ್ನಂಗಿಲ್ಲೇನು ಅವ್ರು?" ಅಂದಳು.

ಕಾಕಾ, ಸೋಮವಾರ ಬರಲಾ? ಮೊದಲು ಸಾವಿರ ಕವರು ಸಾಕು.

ಸ್ಕ್ರೀನ್ ಕಾಕಾ, ಹುಬ್ಬಳ್ಳಿ:
ಬಾ. ಫೈಲ್ ಪೆನ್‌ಡ್ರೈವಿನಲ್ಲಿ ತಾ. ಜೊತೆಗೆ ಒಂದು ಪ್ಯಾಕೆಟ್ ರೊಟ್ಟಿ ತಾ, ಕವರಿನ ಅಳತೆ ನೋಡಬೇಕು. ಅಗಸಿ ಚಟ್ನಿಯ ಅಳತೆಯೂ ಬೇಕು.