ಸತ್ತವರಿಗಾಗಿ ಮಾಡಿದ ಆಲ್ಬಂಗಳು: ಯಾವುದನ್ನು ಕೇಳಲಿ?

ನೀಲಿಕ್ಯಾಸೆಟ್:
ಅಪ್ಪ ತೀರಿಕೊಂಡು ವರ್ಷ ತುಂಬುತ್ತಾ ಬಂತು. ಈಗೀಗ ಮತ್ತೆ ಹಾಡು ಕೇಳೋಕೆ ಶುರು ಮಾಡಿದ್ದೇನೆ. ಸುಮ್ನೆ ದುಃಖದ ಹಾಡುಗಳ ಪ್ಲೇಲಿಸ್ಟ್ ಬೇಡ, ಅದರಲ್ಲಿ ಮುಕ್ಕಾಲು ಪಾಲು ಪ್ರೀತಿ ಮುರಿದ ಹಾಡುಗಳೇ ಇರುತ್ತವೆ. ತಮ್ಮವರು ಹೋದ ಮೇಲೆ, ಆ ಸಾವನ್ನೇ ಎದುರಿಗಿಟ್ಟುಕೊಂಡು ಮಾಡಿದ ಪೂರ್ತಿ ಆಲ್ಬಂ ಬೇಕು. ಆಸ್ಟ್ರೇಲಿಯಾದ ಹಾಡುಗಾರ ನಿಕ್ ಕೇವ್ ಅವರ ‘ಸ್ಕೆಲಿಟನ್ ಟ್ರೀ’ ಕೇಳಿದ್ದೇನೆ, ಮಗ ಹೋದ ಮೇಲೆ ಬರೆದದ್ದು ಅಂತಾರೆ. ಅಂಥದ್ದು ಇನ್ಯಾವುದಿದೆ? ಭಾಷೆ ಯಾವುದಾದರೂ ಸರಿ.

ರಾತ್ರಿಪಾಳಿ:
ಒಂದೇ ಹೇಳು ಅಂದರೆ ಮೌಂಟ್ ಈರಿಯ ‘ಎ ಕ್ರೋ ಲುಕ್ಡ್ ಅಟ್ ಮಿ’, 2017ರದ್ದು. ಮೌಂಟ್ ಈರಿ ಅಂದರೆ ಅಮೆರಿಕದ ಹಾಡುಗಾರ ಫಿಲ್ ಎಲ್ವರಮ್. ಅವರ ಹೆಂಡತಿ ಜೆನವೀವ್ ಕಾಸ್ಟ್ರೆ 2016ರ ಜುಲೈನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು, ಮಗಳಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ಆಕೆ ಕಣ್ಣು ಮುಚ್ಚಿದ ಕೋಣೆಯಲ್ಲೇ, ಹೆಚ್ಚಾಗಿ ಆಕೆಯ ವಾದ್ಯಗಳನ್ನೇ ಬಳಸಿ, ಅದೇ ವರ್ಷ ರೆಕಾರ್ಡ್ ಮಾಡಿದರು. ಮೊದಲ ಹಾಡಿನಲ್ಲೇ ಮನೆಗೆ ಒಂದು ಪಾರ್ಸೆಲ್ ಬರುತ್ತದೆ. ಮಗಳು ಮುಂದೆ ಸ್ಕೂಲಿಗೆ ಹೋಗುವಾಗ ಬೇಕಾಗುತ್ತೆ ಅಂತ ಅವಳಮ್ಮ ಯಾರಿಗೂ ಹೇಳದೆ ತರಿಸಿದ ಬ್ಯಾಗ್ ಅದು. ಆಕೆ ಹೋಗಿ ವಾರವಾದ ಮೇಲೆ ಬಾಗಿಲಿಗೆ ಬರುತ್ತದೆ. ನಾನು ಅಲ್ಲೇ ನಿಲ್ಲಿಸಿಬಿಟ್ಟೆ, ಉಳಿದದ್ದನ್ನು ಕೇಳಿದ್ದು ಮಾರನೇ ದಿನ. ಈ ಸಾವಿನಿಂದ ನಾನೇನೂ ಕಲಿಯಬೇಕಾಗಿಲ್ಲ ಅನ್ನುವ ಮನುಷ್ಯ ಆತ. ಅದಕ್ಕೇ ನಂಬಿಕೆ ಬರುತ್ತದೆ.

ತಂತಿಮನೆ:
ಆ ಪಾರ್ಸೆಲ್ ಅಂದ ಕೂಡಲೇ ಆಲಿಸ್ ಕೋಲ್ಟ್ರೇನ್ ನೆನಪಾದರು. ಗಂಡ, ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್, ಒಂದು ಹಾರ್ಪ್‌ಗೆ (ನಿಲ್ಲಿಸಿಟ್ಟು ನುಡಿಸುವ ದೊಡ್ಡ ತಂತಿವಾದ್ಯ) ಆರ್ಡರ್ ಕೊಟ್ಟಿದ್ದರು. 1967ರ ಜುಲೈನಲ್ಲಿ ಅವರು ತೀರಿಕೊಂಡರು, ಹಾರ್ಪ್ ಮನೆಗೆ ಬಂದದ್ದು ಆಮೇಲೆ. ಆಲಿಸ್ ಅದನ್ನು ನುಡಿಸುತ್ತಾ ಹೋದರು. 1968ರ ‘ಎ ಮೊನಾಸ್ಟಿಕ್ ಟ್ರಿಯೊ’ ತಮ್ಮದೇ ಹೆಸರಿನಲ್ಲಿ ಅವರು ತಂದ ಮೊದಲ ಆಲ್ಬಂ, ಗಂಡನಿಗೇ ಅರ್ಪಣೆ. ಎಲ್‌ಪಿಯ ಒಂದು ಬದಿ ಪಿಯಾನೊ, ಇನ್ನೊಂದು ಬದಿ ಹಾರ್ಪ್. ಹಾರ್ಪ್ ಇರುವ ಬದಿಯನ್ನು ಮೊದಲು ಕೇಳಿ.

ಹಳೇಟೇಪು:
ಒಂದು ವಿಷಯ ಸ್ಪಷ್ಟ ಮಾಡಬೇಕು. ನಿಕ್ ಕೇವ್ ಅವರ ಮಗ ಆರ್ಥರ್ ಬಂಡೆಯಿಂದ ಬಿದ್ದು ಸತ್ತದ್ದು 2015ರ ಜುಲೈನಲ್ಲಿ. ‘ಸ್ಕೆಲಿಟನ್ ಟ್ರೀ’ಯ ಹಾಡುಗಳಲ್ಲಿ ಹೆಚ್ಚಿನವು ಅದಕ್ಕೂ ಮೊದಲೇ ಬರೆದವು. ಆಲ್ಬಂ ಬಂದದ್ದು 2016ರಲ್ಲಿ, ಹಾಗಾಗಿ ಎಲ್ಲರೂ ಪ್ರತಿ ಸಾಲಿನಲ್ಲೂ ಆ ಹುಡುಗನನ್ನೇ ಹುಡುಕಿದರು. ನೀವು ಕೇಳ್ತಿರೋದು ನಿಜವಾಗಿ 2019ರ ‘ಗೋಸ್ಟೀನ್’. ಅದು ಪೂರ್ತಿ ಆಮೇಲೆ ಬರೆದದ್ದು.

ಇನ್ನೊಂದು, ಸುಫ್ಯಾನ್ ಸ್ಟೀವನ್ಸ್ ಅವರ ‘ಕ್ಯಾರಿ ಆ್ಯಂಡ್ ಲೋವೆಲ್’, 2015. ಇದು ತಾಯಿಯ ಸಾವಿನ ಬಗ್ಗೆ, ಆದರೆ ಮಗ ಒಂದು ವರ್ಷದವನಿದ್ದಾಗಲೇ ಬಿಟ್ಟು ಹೋದ ತಾಯಿ ಅವರು. ಹತ್ತಿರ ಇಲ್ಲದವರು ಸತ್ತಾಗ ಹೇಗೆ ಅಳುವುದು ಅನ್ನೋ ಕಷ್ಟ ಇದರಲ್ಲಿದೆ. ಅಪ್ಪ ಅಮ್ಮನ ಜೊತೆ ಜಗಳ ಉಳಿದುಹೋದವರಿಗೆ ಇದಕ್ಕಿಂತ ಒಳ್ಳೇದು ನಾನು ಕೇಳಿಲ್ಲ.

ಮೈಕ್‌ಟೆಸ್ಟ್:
ಎಲ್ಲವೂ ಮೆಲ್ಲಗೇ ಇರಬೇಕಾ? ಎಸಿ/ಡಿಸಿ ಅನ್ನೋ ರಾಕ್ ಬ್ಯಾಂಡಿನ ಹಾಡುಗಾರ ಬಾನ್ ಸ್ಕಾಟ್ ಸತ್ತದ್ದು 1980ರ ಫೆಬ್ರವರಿ. ಜುಲೈಗೆಲ್ಲ ‘ಬ್ಯಾಕ್ ಇನ್ ಬ್ಲ್ಯಾಕ್’ ಬಂತು. ಅವನ ನೆನಪಿಗೆ ಕಪ್ಪು ಕವರ್, ಶುರುವಿಗೆ ಗಂಟೆ ಸದ್ದು, ಆಮೇಲೆ ಒಂದೇ ಸಮ ಅಬ್ಬರ. ಗೆಳೆಯನನ್ನು ಕಳೆದುಕೊಂಡವರು ಹೀಗೂ ಹಾಡಬಹುದು, ಅದೂ ಶೋಕವೇ.

ನೀಲಿಕ್ಯಾಸೆಟ್:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ‘ಕ್ಯಾರಿ ಆ್ಯಂಡ್ ಲೋವೆಲ್’ ಕೇಳ್ತಿದ್ದೇನೆ, ನಮ್ಮನೇಲೂ ಮಾತು ಸ್ವಲ್ಪ ಕಮ್ಮಿಯೇ ಇತ್ತು. ಇನ್ನೊಂದು ಕೇಳಲಾ? ಸಂಜೆ ಅಮ್ಮನೂ ಪಕ್ಕದಲ್ಲಿ ಕೂತಿರುತ್ತಾರೆ. ಅವರಿಗೆ ಇಂಗ್ಲಿಷ್ ಬರಲ್ಲ.

ತಂತಿಮನೆ:
ಹಾಗಾದರೆ ಅನುಷ್ಕಾ ಶಂಕರ್ ಅವರ ‘ಟ್ರೇಸಸ್ ಆಫ್ ಯು’ ಹಾಕಿ, 2013. ಅದರ ಕೆಲಸ ನಡೀತಿದ್ದಾಗಲೇ, 2012ರ ಡಿಸೆಂಬರ್‌ನಲ್ಲಿ, ತಂದೆ ರವಿಶಂಕರ್ ತೀರಿಕೊಂಡರು. ಅಕ್ಕ ನೋರಾ ಜೋನ್ಸ್ ಮೂರು ಹಾಡು ಹಾಡಿದ್ದಾರೆ. ಇಬ್ಬರಿಗೂ ತಂದೆ ಒಬ್ಬರೇ, ಬೆಳೆದದ್ದು ಮಾತ್ರ ಬೇರೆ ಬೇರೆ ಮನೆಯಲ್ಲಿ. ಉಳಿದದ್ದೆಲ್ಲ ಹೆಚ್ಚಾಗಿ ಸಿತಾರ್, ಭಾಷೆಯ ತೊಂದರೆ ಇಲ್ಲ.

ರಾತ್ರಿಪಾಳಿ:
ಆಲ್ಬಂ ಅಲ್ಲದಿದ್ದರೂ ಪರವಾಗಿಲ್ಲ ಅಂದರೆ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’. ಎಷ್ಟೋ ಜನ ಪ್ರೇಮಗೀತೆ ಅಂತಲೇ ಕೇಳುತ್ತಾರೆ. ಮಗು ತೀರಿಕೊಂಡಾಗ ಹೆಂಡತಿಯ ಮುಖ ನೋಡಲಾಗದೆ ಗಂಡ ಆಡುವ ಮಾತು ಅದು. ಅಮ್ಮನಿಗೆ ಗೊತ್ತಿರಬಹುದು, ಆದರೂ ಹಾಕೋ ಮುಂಚೆ ಒಂದು ಮಾತು ಕೇಳಿ.